ಬ್ಯಾಸಗ್ಯಾಗ ಮೆಂತೆ ಹುಡುಕಿದ ಬುಧವಾರ

...ಅಲ್ಲ, ಬರೇ ರೊಕ್ಕದ ಮಾತಲ್ಲದು. ಇವತ್ತ ಮುಂಜಾನೆ ಬಜಾರದಾಗ ಕೊತ್ತಂಬ್ರಿ ಸೂಡು ನೋಡಿದೆ, ನನ್ನ ಹೆಬ್ಬೆಟ್ಟಿನಷ್ಟು ದಪ್ಪ ಇತ್ತು, ಅದೂ ತುದಿ ಒಣಗಿದ್ದು. ಅದೇ ರೊಕ್ಕಕ್ಕ ಚಳಿಗಾಲದಾಗ ಒಂದು ಮಡಿಲು ತುಂಬ ಬರತಿತ್ತು. ಬಿಟ್ಟು ಬಂದೆ. ಸೌತಿಕಾಯಿ ತಂದೆ, ಮಾವಿನಕಾಯಿ ತಂದೆ, ಒಂದು ಕಲ್ಲಂಗಡಿ ತಂದೆ. ನಿಮ್ಮವ್ವ ಅಡಿಗಿಮನ್ಯಾಗಿಂದ ಅಂತಾಳ, "ಮಾವಾರ, ಕೊತ್ತಂಬ್ರಿ ಇಲ್ದ ಸಾರು ಹ್ಯಾಂಗ ಮಾಡ್ಲಿ?" ಮಾಡವ್ವಾ, ಬರ್ತದ. ಬ್ಯಾಸಗ್ಯಾಗ ಒಂದು ತಪ್ಪಲಪಲ್ಲೆ ಬೆನ್ನ ಹತ್ತಿ ಓಡಿ ನನ್ನ ನೌಕ್ರಿ ಹೋಗೂದಿತ್ತು, ಗೊತ್ತೇನು ನಿಮಗ? ನೌಕ್ರಿ ಅಷ್ಟೇ ಅಲ್ಲ, ನಿಮ್ಮ ಆಯಿ, ನಿಮ್ಮಪ್ಪನ ಅವ್ವ, ಆಕಿನೂ ಕೈ ತಪ್ಪಿ ಹೋಗೂವಾಕಿ. ನೋಡ್ರಿ, ಆಯಿ ಒಳಗ ನಗಾಕತ್ತಾಳ. ಈಗ ನಗತಾಳ, ಆವಾಗ ನನ್ನ ಜೀವ ಬಾಯಾಗ ಬಂದಿತ್ತು.

ಬಿ.ಎ. ಮುಗಿಸಿ ಇನ್ನೂ ವರ್ಷ ಆಗಿರಲಿಲ್ಲ, ಇದೇ ಬಸವಕಲ್ಯಾಣದಾಗ ಒಂದು ಹಾಸ್ಟೆಲಿಗಿ ವಾರ್ಡನ್ ಆದೆ. ಆದೆ ಅಂದ್ರ, ಕಚ್ಚಾ ನೌಕ್ರಿ. ಪಕ್ಕಾ ಆಗೂದು ಮ್ಯಾಲಿನ ಸಾಹೇಬರು ಛಲೋ ರಿಪೋರ್ಟ್ ಬರದ ಮ್ಯಾಲೇ. ನಿಮ್ಮ ಆಯಿಯ ಅಪ್ಪ ತಮ್ಮೂರು ಮಂಠಾಳದಾಗ ಕುಂತು ಹೇಳಿ ಕಳಿಸಿದ್ರು, "ಹುಡುಗ ಛಲೋ ಅದಾನ, ನೌಕ್ರಿ ಪಕ್ಕಾ ಆಗಲಿ, ಆಮ್ಯಾಗ ಲಗ್ನದ ಮಾತು." ಅದಕ್ಕ ನನಗ ಹೆಂಗಾರ ಮಾಡಿ ಹೆಸರು ತಗೋಬೇಕು ಅನ್ನೂ ಹುಚ್ಚು. ಏನ್ ಮಾಡಿದೆ? ಒಂದು ಚಾರ್ಟ್ ಮಾಡಿದೆ. ಇಷ್ಟ ದೊಡ್ಡ ಕಾಗದ, ಕೆಂಪು ಮಸಿ, ನೀಲಿ ಮಸಿ, ಸ್ಕೇಲ್ ಹಿಡದು ಗೆರಿ. ಸೋಮವಾರ ಗೋಬಿ, ಮಂಗಳವಾರ ಹಸಿ ವಟಾಣಿ, ಬುಧವಾರ ಮೆಂತೆಪಲ್ಲೆ, ಹಿಂಗ ವಾರ ಪೂರಾ. ವರ್ಷ ಪೂರಾ ಇದೇ ಊಟ ಅಂತ ಕೆಳಗ ನನ್ನ ಸಹಿ. ಬರದದ್ದು ಯಾವಾಗ? ಚಳಿಗಾಲದ ಎಳ್ಳಮಾಸಿ ಹಬ್ಬ ಆಗಿ ನಾಕ ದಿನಕ್ಕ! ತರಾತರದ ತಪ್ಪಲು, ಕಾಳು ಕೂಡಿಸಿ ಕುದಿಸಿದ ಎಳ್ಳಮಾಸಿ ಭಜ್ಜಿ ಉಂಡ ಬಾಯಿ, ಬಜಾರದಾಗ ಎತ್ತ ನೋಡಿದ್ರೂ ಹಸರು, ಮೆಂತೆ ಸೂಡು ತಗೋರಿ ತಗೋರಿ ಅಂತ ಕೈಯಾಗ ತುರುಕತಿದ್ರು. ಅಡಿಗಿ ಮಾಡೂ ಗಂಗವ್ವ, ಓದು ಬಾರದಾಕಿ, ನಾ ಓದಿ ಹೇಳಿದ್ದು ಕೇಳಿ ಒಂದೇ ಮಾತು ಅಂದ್ಲು: "ಸರ್, ನಿಮ್ಮ ಕಾಗದ ನೋಡಿ ಮೆಂತೆ ಹುಟ್ಟತದೇನ್ರಿ?" ಈಕಿಗೇನು ತಿಳೀತದ ಅಂದ್ಕೊಂಡೆ. ನಾ ಅರ್ಥಶಾಸ್ತ್ರ ಓದಿದಾವ ನೋಡ್ರಿ!

ಏಪ್ರಿಲ್ ಬಂತು. ಗೋಬಿ ಬರೂದು ನನ್ನ ಮುಷ್ಟಿಯಷ್ಟು, ಅದರ ಮ್ಯಾಲೂ ಕರಿ ಚುಕ್ಕಿ. ವಟಾಣಿ ಕಲ್ಲಾಗಿ ಆಮ್ಯಾಗ ಕಾಣದಂಗಾತು. ಮೆಂತೆ ಹಳದಿ ಆಗಿ, ನಾರು ಬಿಟ್ಟು, ರೇಟು ಮಾತ್ರ ಅಟ್ಟದ ಮ್ಯಾಲ. ಹುಡುಗರಿಗಿ ಪರೀಕ್ಷಾ ಇದ್ದವು, ಒಬ್ರೂ ಊರಿಗಿ ಹೋಗಿರಲಿಲ್ಲ. ಗಂಗವ್ವ ದಿನಾ ಕೇಳತಿದ್ಲು, "ಸರ್, ಹೀರಿಕಾಯಿ ಮಾಡ್ಲಿ? ನುಗ್ಗಿಕಾಯಿ ಮಾಡ್ಲಿ?" ನಾ ಅಂತಿದ್ದೆ, "ಚಾರ್ಟಿನಾಗ ಇಲ್ಲ." ಹಿಂಗಾಗಿ ಸಿಕ್ಕ ಕೆಟ್ಟ ಗೋಬಿನೇ, ಮುದಿ ಮೆಂತೆನೇ ತಿನಿಸಿದೆ. ಮಾರುತಿ ಅಂತ ಒಬ್ಬ ಬಿ.ಕಾಂ. ಹುಡುಗ ಇದ್ದ, ಹುಡುಗರ ಲೀಡರ. ಅವ ಸೀದಾ ಬೀದರಿನ ಆಫೀಸಿಗಿ ತಕರಾರ ಬರದ. ಅಲ್ಲಿಂದ ಕಾಗದ ಬಂತು: ಬುಧವಾರ ಸಾಹೇಬರು ಬರತಾರ, ಚಾರ್ಟಿನ ಪ್ರಕಾರ ಊಟ ಅದನೋ ಇಲ್ಲೋ ನೋಡತಾರ. ಬುಧವಾರ ಅಂದ್ರ ಯಾವುದು? ಮೆಂತೆ!

ಬುಧವಾರ ಫಸ್ಟ್ ಬಸ್ಸಿಗೇ ಹುಮನಾಬಾದಿಗಿ ಹೋದೆ. ಹೈವೇ ಊರು, ಹೈದರಾಬಾದ್ ಕಡಿ ಲಾರಿ ನಿಲ್ತಾವ, ಸಿಕ್ರ ಅಲ್ಲೇ ಸಿಗಬೇಕು. ಒಬ್ಬ ಮುದಿ ಚಾಚಾ ಕಡೆ ಮೆಂತೆ ಇತ್ತು, ಒದ್ದಿ ಗೋಣಿ ಮುಚ್ಚಿ ಇಟ್ಟಿದ್ದ. ಅವನೇ ಅಂದ, "ಬ್ಯಾಡ್ರಿ ಬಾಬು, ಇದು ಮೆಂತೆ ಮೌಸಮ್ ಅಲ್ಲ. ಮಾವಿನಕಾಯಿ ಒಯ್ರಿ, ಉಳ್ಳಾಗಡ್ಡಿ ಒಯ್ರಿ, ಸಸ್ತಾ ಅದ, ತಾಜಾ ಅದ." "ಇಲ್ಲ ಚಾಚಾ, ನನಗ ಮೆಂತೆನೇ ಬೇಕು." "ಯಾಕ, ಡಾಕ್ಟರ್ ಬರದು ಕೊಟ್ಟಾರೇನು?" "ಇಲ್ಲ, ನಾನೇ ಬರದೇನಿ!" ಅಂವ ನನ್ನ ಮುಖ ನೋಡಿದ, ತಕ್ಕಡಿ ಎತ್ತಿ ತೂಗಿದ. ಮಾರಾವನೇ ಬ್ಯಾಡ ಅಂದ್ರೂ ಕೊಂಡಾವ ನಾನೊಬ್ಬನೇ ಇರಬೇಕು. ಚೀಲ ತುಂಬಿಸಿ ಬಸ್ ಹತ್ತಿದೆ. ಬಸ್ಸಿನ ಟಪ್ಪಿನ ಮ್ಯಾಲ ಹಾಕಿದ್ರ ಬಿಸಲಿಗಿ ಬಾಡತದ, ಕಣ್ಣ ಮುಂದ ಇರ್ಲಿ ಅಂತ ಡ್ರೈವರ ಬಾಜೂಕ ಎಂಜಿನ್ ಮುಚ್ಚಳದ ಮ್ಯಾಲ ಇಟ್ಟೆ. ಅಲ್ಲಿ ನೆರಳು ಅದಲ್ಲ! ನೆರಳಷ್ಟೇ ನೋಡಿದೆ ನಾ, ಕೆಳಗ ಎಂಜಿನ್ ಅದ ಅನ್ನೂದು ತೆಲಿಗಿ ಹೊಳೀಲಿಲ್ಲ. ಹಾಸ್ಟೆಲಿಗಿ ಬಂದು ಚೀಲ ಬಿಚ್ಚಿದ್ರ ಹೊಗಿ! ಖರೇ, ಹಬಿ ಎದ್ದು ಬಂತು. ಗಂಗವ್ವ ಕೈ ಹಾಕಿ ತಟಕ್ಕನ ತಗದ್ಲು. "ಸರ್, ಅರ್ಧ ಅಡಿಗಿ ನೀವೇ ಮಾಡಿ ತಂದೀರಲ್ರಿ. ಒಗ್ಗರಣಿ ಒಂದೇ ಬಾಕಿ."

ಹತ್ತೂವರಿ ಆಗಿತ್ತು, ಒಂದಕ್ಕ ಸಾಹೇಬರು. ನಾ ಅಲ್ಲೇ ಕಟ್ಟಿ ಮ್ಯಾಲ ಕುಸದು ಕುಂತೆ. ಹೋತು ನೌಕ್ರಿ, ಮಂಠಾಳದ ದಾರಿನೂ ಬಂದ್. ಗಂಗವ್ವ ಅಂದ್ಲು, "ಅಳಬ್ಯಾಡ್ರಿ. ಹಿತ್ತಲದಾಗ ಹುಣಸಿಗಿಡ ಚಿಗರೊಡದದ. ಚಿಗರು ಹರದು ಕೊಡ್ರಿ, ಬ್ಯಾಳ್ಯಾಗ ಹಾಕತೇನಿ." "ಚಾರ್ಟಿನಾಗ..." ಅಂದೆ. "ಚಾರ್ಟ್ ಕುದಿಸ್ಲೇನ್ರಿ ಮತ್ತ?" ಅಂದ್ಲು, ಒದರೇ ಬಿಟ್ಲು. ಎದ್ದೆ. ಇನ್ಶರ್ಟ್ ಮಾಡಿದ ಅಂಗಿ, ಅದರಾಗೇ ಗಿಡ ಹತ್ತಿದೆ. ಹತ್ತಿ ಹರೀಲಿಕ್ಕೆ ಸುರು ಮಾಡಿದ್ರ ಕೆಳಗ ಮಾರುತಿ ಬಂದು ನಿಂತ. "ಸರ್, ಮ್ಯಾಲ ಏನ್ ಮಾಡಾಕತ್ತೀರಿ? ಇವತ್ತ ಬುಧವಾರ, ಮೆಂತೆ ಅದ." ಏನಂತ ಹೇಳ್ಲಿ? "ಮಾರುತಿ, ಮೆಂತೆ ಬಸ್ಸಿನಾಗ ಸತ್ತದ. ಟಾವೆಲ್ ಹಿಡಿ ಕೆಳಗ" ಅಂದೆ. ನಕ್ಕ ನೋಡ್ರಿ ಅವ, ಹೊಟ್ಟಿ ಹಿಡಕೊಂಡು ನಕ್ಕ. ಆದ್ರ ಟಾವೆಲ್ ಹಿಡದ.

ಸಾಹೇಬರು ಬಂದ್ರು. ಕುಂತಿಲ್ಲ ನಿಂತಿಲ್ಲ, ಸೀದಾ ಚಾರ್ಟಿನ ಮುಂದ. ಬೆರಳಿಟ್ಟು ಓದಿದ್ರು, ಬುಧವಾರ, ಮೆಂತೆಪಲ್ಲೆ. ಆಮ್ಯಾಗ ತಾಟು ನೋಡಿದ್ರು: ಬಿಳಿ ಜೋಳದ ರೊಟ್ಟಿ, ಹುಣಸಿ ಚಿಗರಿನ ಬ್ಯಾಳಿ, ಹಸಿ ಉಳ್ಳಾಗಡ್ಡಿ, ಮಾವಿನಕಾಯಿ ಚಟ್ನಿ. "ಮೆಂತೆ ಎಲ್ಲಿ?" ಸುಳ್ಳು ಹೇಳಾಕ ಬರಲಿಲ್ಲ ನನಗ. "ಸರ್, ತಪ್ಪು ನಂದು. ಎಳ್ಳಮಾಸಿ ಬಜಾರ ನೋಡಿ ಚಾರ್ಟ್ ಬರದೆ, ಬ್ಯಾಸಗಿ ಬರ್ತದಂತ ನೆನಪಾಗಲಿಲ್ಲ." ಅವರು ಹುಡುಗರ ಕಡೆ ತಿರಗಿ, "ತಕರಾರ ಬರದಾವ ಯಾರು?" ಅಂದ್ರು. ಮಾರುತಿ ಎದ್ದ, ಬಾಯಿ ತುಂಬ ರೊಟ್ಟಿ. "ಏನು ನಿನ್ನ ತಕರಾರು, ಹೇಳು." ಅವ ನನ್ನ ನೋಡಿದ, ತಾಟು ನೋಡಿದ, ನುಂಗಿದ. "ತಕರಾರ ಅದರಿ ಸರ್. ಇನ್ನೊಂದು ಸೌಟು ಬ್ಯಾಳಿ ಕೇಳಿದ್ರ ಗಂಗವ್ವ ಹಾಕವಲ್ಲಳು."

ಇಡೀ ಹಾಲ್ ಹೋ ಅಂತು. ಸಾಹೇಬರು ಕುಂತು ತಾವೂ ಉಂಡ್ರು, ಎರಡ ಸಲ ಹಾಕಿಸಿಕೊಂಡ್ರು, ಬೆವರು ಒರಸಿಕೊಂಡು ರಿಪೋರ್ಟಿನಾಗ ಬರದ್ರು: ಊಟ ತೃಪ್ತಿಕರ. ಅಷ್ಟೇ ಎರಡು ಶಬ್ದ. ಜೀಪು ಹೋದ ಮ್ಯಾಲ ನಾ ಅಡಿಗಿಮನ್ಯಾಗ ನೆಲದ ಮ್ಯಾಲೇ ಕುಂತೆ, ಗಂಗವ್ವ ಒಂದು ತಂಬಿಗಿ ನೀರು ಕೊಟ್ಲು, ಪೂರಾ ಕುಡದೆ, ಅಂಥಾ ತಂಪು ನೀರು ಮತ್ತ ಯಾವತ್ತೂ ಕುಡದಿಲ್ಲ. ಮಳಿಗಾಲದಾಗ ನೌಕ್ರಿ ಪಕ್ಕಾ ಅಂತ ಆರ್ಡರ್ ಬಂತು, ಕಾರ್ತಿಕದಾಗ ಲಗ್ನ ಆತು. ಚಾರ್ಟೇನಾತು ಅಂತೀರೇನು? ಗಂಗವ್ವ ಅದನ್ನೇ ಹಾಕಿ ಒಲಿ ಹಚ್ಚಿದ್ಲು.

ಅದಕ್ಕ ಹೇಳತೇನಿ, ಬ್ಯಾಸಗ್ಯಾಗ ಬಜಾರಕ್ಕ ಹೋದ್ರ ಇದು ಅದ ಏನು, ಅದು ಅದ ಏನು ಅಂತ ಕೇಳಬ್ಯಾಡ್ರಿ. "ಅವ್ವಾ, ಇವತ್ತ ಛಲೋದು ಏನು ಬಂದದ?" ಅಂತ ಕಾಯಿಪಲ್ಲೆ ಮಾರೂವಾಕಿಗಿ ಕೇಳ್ರಿ, ಅಕಿ ಕೊಟ್ಟದ್ದು ತರ್ರಿ, ಮನ್ಯಾಗ ಮಾಡಿದ್ದು ಉಣ್ರಿ. ಏಳ್ರಿ ಇನ್ನ, ಕೈ ತೊಳೀರಿ.