ಓಡಿ ಬರುವವರಿಗೆ ನಿಲ್ಲುವ ಬಸ್ಸು

ಪಕ್ಕದವರ ಮಾತಿಗೆ ಕಿವಿಗೊಡುವುದು ನರ್ಸಮ್ಮನ ಹಳೆಯ ಚಾಳಿ. ಇವತ್ತು ಬಸ್ ನಿಲ್ದಾಣದ ಬೆಂಚಿನಲ್ಲಿ ಸಿಕ್ಕವರು ಒಬ್ಬ ಮಾವ ಮತ್ತು ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ಅವರ ಸೊಸೆ.

“ಬಸ್ ಓಡಿಸೋ ಗೇಮು ಬಿಲ್ಡ್ ಆಗಿ ಆಡೋ ಹಾಗಾಯ್ತೇನಮ್ಮ?”

“ಆಯ್ತು ಮಾವ. ಅದಿಲ್ಲ ಇದಿಲ್ಲ ಅಂತ ಮೂರು ಸಲ ನಿಂತುಬಿಡ್ತು. ಬೇಕಾದ ಫೈಲುಗಳನ್ನ ಒಂದೊಂದೇ ಡೌನ್‌ಲೋಡ್ ಮಾಡಿ ಹಾಕಿದ ಮೇಲೆ ದಾರಿಗೆ ಬಂತು.”

“ಇನ್ನೊಬ್ಬರು ಬರೆದಿದ್ದನ್ನ ನಾವು ತಿದ್ದಿದ್ರೆ ಬೈಯಲ್ವಾ?”

“ತಿದ್ಕೊಳ್ಳಿ ಅಂತಾನೇ ಕೋಡ್ ಬಿಟ್ಟುಕೊಟ್ಟಿದ್ದಾರೆ. ನೀವು ಹೇಳಿದ ಹಾಗೇ ಬರೆದೆ. ಯಾರಾದ್ರೂ ಓಡಿ ಬರ್ತಿದ್ರೆ ಬಸ್ಸು ಹೊರಡಬಾರದು.”

“ಮತ್ತೆ ಮುಖ ಯಾಕೆ ಸಪ್ಪಗಿದೆ?”

“ಒಬ್ಬರು ಹತ್ತೋದ್ರೊಳಗೆ ಇನ್ನೊಬ್ಬರು ಓಡಿ ಬರ್ತಾರೆ. ಗೇಮಲ್ಲಿ ಬೆಳಿಗ್ಗೆಯಿಂದ ಒಂದು ಬಸ್ಸೂ ಹೊರಟಿಲ್ಲ. ಊರಿಗೆ ಊರೇ ನಿಂತಿದೆ, ನೋಡಿ!”

ಮಾವ ಪರದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮೂವತ್ತು ವರ್ಷ ಬಸ್ ಓಡಿಸಿದ್ರಲ್ಲ, ನೀವು ಹೇಗೆ ಹೊರಡ್ತಿದ್ರಿ?”

“ಒಬ್ಬರು ಓಡಿ ಬರೋದು ಕನ್ನಡೀಲಿ ಕಂಡ್ರೆ ನಿಲ್ಲಿಸ್ತಿದ್ದೆ. ಅವರು ಹತ್ತಿದ ಮೇಲೆ ಕನ್ನಡಿ ಕಡೆ ತಿರುಗಿಯೂ ನೋಡ್ತಿರಲಿಲ್ಲ.”

“ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ!”

“ಅದೆಲ್ಲ ಹೇಳಿಕೊಳ್ಳೋ ವಿಷಯಾನೇನಮ್ಮ?”

“ಸರಿ, ಒಬ್ಬರಿಗೆ ಮಾತ್ರ ಅಂತ ತಿದ್ದಿ ಮತ್ತೆ ಬಿಲ್ಡ್‌ಗೆ ಹಾಕ್ತೀನಿ.”

ಅಷ್ಟರಲ್ಲಿ ಬಸ್ಸು ಬಂತು. ಸೊಸೆ ಲ್ಯಾಪ್‌ಟಾಪ್ ಮುಚ್ಚಿದಳು, ಇಬ್ಬರೂ ಹತ್ತಿದರು. ಅದು ತನ್ನದೇ ಬಸ್ಸು ಎಂದು ನರ್ಸಮ್ಮನಿಗೆ ಹೊಳೆಯುವಷ್ಟರಲ್ಲಿ ಅದು ಹೊರಟಿತ್ತು. ಛತ್ರಿ ಹಿಡಿದ ಒಬ್ಬರು ಕೂಗುತ್ತ ಓಡಿದರು. ಬಸ್ಸು ನಿಂತು ಅವರನ್ನು ಹತ್ತಿಸಿಕೊಂಡಿತು. ನರ್ಸಮ್ಮ ಚೀಲವನ್ನು ಹೆಗಲಿಗೇರಿಸಿ ಅವರ ಹಿಂದೆಯೇ ಓಡಿದಳು.

ಡ್ರೈವರು ಕನ್ನಡಿ ನೋಡಲಿಲ್ಲ. ಹಿಂದಿನ ಕಿಟಕಿಯಲ್ಲಿ ಕೂತಿದ್ದ ಮಾವ ಮಾತ್ರ ಅವಳನ್ನು ಕಂಡು, ತಪ್ಪೆಲ್ಲ ತಮ್ಮದೇ ಎಂಬಂತೆ ಕೈ ಮುಗಿದರು.