ಅತ್ತೆಯವರ ಎರಡು ವರ್ಷದ ವಾಯಿದೆ

ಸಾಲ ಸಲಹಾ ಸಂಘದ ಅಧ್ಯಕ್ಷರಾದ ಶ್ರೀಮತಿ ಸ್ಕೋಪಾಲೋವಾ ಅವರೇ, ನಗರಸಭೆಯಿಂದ ಆಗಮಿಸಿ ಈಗಾಗಲೇ ಎರಡು ಸಲ ಕೈಗಡಿಯಾರ ನೋಡಿಕೊಂಡಿರುವ ಮುಖ್ಯ ಅತಿಥಿಗಳೇ, ಕೋರ್ಟು ನೇಮಿಸಿದ ನಿರ್ವಾಹಕರಾಗಿ ಐದು ವರ್ಷ ನನ್ನ ಸಂಬಳದ ಮುಖವನ್ನು ನನಗಿಂತ ಮೊದಲು ನೋಡುತ್ತಿದ್ದ ಡಾಕ್ಟರ್ ತೊಮಾನೆಕ್ ಅವರೇ, ಮುಂದಿನ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಹೆಂಡತಿ ಬ್ಲಾಂಕಾ, ಹಾಗೂ ಹಿಂದಿನ ಮೇಜಿನ ಮೇಲೆ ಮುಚ್ಚಿಟ್ಟಿರುವ ತಿಂಡಿ ತಟ್ಟೆಗಳ ಕಡೆಗೆ ಆಗಾಗ ಕತ್ತು ತಿರುಗಿಸುತ್ತಿರುವ ಸಭಿಕರೇ,

ನನ್ನ ಹೆಸರು ಒತಕರ್ ಮ್ರಾಜೆಕ್. ಈ ಓಸ್ತ್ರಾವಾದಲ್ಲಿ ಇಪ್ಪತ್ತೆರಡು ವರ್ಷದಿಂದ ಟ್ರಾಮ್ ಓಡಿಸುತ್ತಿದ್ದೇನೆ. ಅಂದರೆ ಸಾರ್ವಜನಿಕರಿಗೆ ಬೆನ್ನು ತೋರಿಸಿಯೇ ಜೀವನ ಮಾಡಿದವನು. ಮುಖ ತೋರಿಸಿ ನಿಂತಿರುವುದು ಇದೇ ಮೊದಲು. ತಪ್ಪಾದರೆ ಗಂಟೆ ಬಾರಿಸಿ, ನಿಲ್ಲಿಸುತ್ತೇನೆ.

ನನಗೆ ಕೊಟ್ಟಿರುವ ವಿಷಯ ‘ಸಾಲಮುಕ್ತಿಯ ನಂತರದ ಬದುಕು ಮತ್ತು ಹಣದ ಶಿಸ್ತು’. ಇದರ ಜೊತೆಗೆ ‘ಆದರ್ಶ ಕುಟುಂಬ’ ಎಂಬ ಪ್ರಮಾಣಪತ್ರವನ್ನೂ ಒಂದು ಗೋಡೆ ಗಡಿಯಾರವನ್ನೂ ಕೊಟ್ಟಿದ್ದೀರಿ. ಆದರ್ಶ! ಈ ಹಿಂದೆ ನಮ್ಮ ಮನೆಗೆ ಸರ್ಕಾರದ ಕಡೆಯಿಂದ ಬಂದ ಕಾಗದವೆಂದರೆ ಜಪ್ತಿಯವರು ಸೋಫಾದ ಬೆನ್ನಿಗೆ ಅಂಟಿಸಿ ಹೋದ ಚೀಟಿ. ಬೆನ್ನಿಗೆ ಅಂಟಿಸಿದ್ದಕ್ಕೂ ಗೋಡೆಗೆ ತೂಗುಹಾಕುವುದಕ್ಕೂ ಇರುವ ಅಂತರ ಸಾಮಾನ್ಯದ್ದೇ? ನನಗಂತೂ ಆ ಆಘಾತದಿಂದ ಇನ್ನೂ ಚೇತರಿಕೆಯಾಗಿಲ್ಲ.

ಸಾಲ ಹೇಗಾಯಿತೆಂದು ವಿವರಿಸುವುದಿಲ್ಲ. ಇಲ್ಲಿರುವ ಅರ್ಧ ಜನ ಅದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಅಡುಗೆಮನೆಗೆ ಒಂದು ಸಾಲ, ಆ ಸಾಲ ತೀರಿಸಲು ಇನ್ನೊಂದು, ಎರಡಕ್ಕೂ ಬಡ್ಡಿ ಕಟ್ಟಲು ಮೂರನೆಯದು. ಕೊನೆಗೆ ಸಾಲ ಕೊಟ್ಟವರು ಹನ್ನೊಂದು ಮಂದಿಯಾದರು. ಪೂರ್ತಿ ಒಂದು ಫುಟ್‌ಬಾಲ್ ತಂಡ. ಚೆಂಡು ನಾನು. ಆಮೇಲೆ ಕೋರ್ಟಿನ ಏರ್ಪಾಟು: ಐದು ವರ್ಷ ನಮ್ಮಿಬ್ಬರ ಸಂಬಳದಲ್ಲೂ ಬದುಕುವಷ್ಟು ಬಿಟ್ಟು ಉಳಿದದ್ದು ಕಡಿತ, ಕೊನೆಗೆ ಮಿಕ್ಕ ಸಾಲ ಮನ್ನಾ. ಕಳೆದ ಮಾರ್ಚ್ ಕೊನೆಗೆ ಐದು ವರ್ಷ ಮುಗಿಯಿತು.

ಏಪ್ರಿಲ್‌ನಲ್ಲಿ ಮೊದಲ ಪೂರ್ತಿ ಸಂಬಳ ಬಂತು. ನಾನು ಹೆದರಿ ನೇರವಾಗಿ ಸಂಬಳದ ವಿಭಾಗದ ಯಾರ್ಮಿಲಾ ಬಳಿಗೆ ಓಡಿದೆ.

“ಯಾರ್ಮಿಲಾ, ಏನೋ ಎಡವಟ್ಟಾಗಿದೆ. ಬೇರೆ ಯಾರದ್ದೋ ದುಡ್ಡು ನನ್ನ ಖಾತೆಗೆ ಬಂದಿದೆ.”

“ಅದು ನಿನ್ ಸಂಬಳನೇ ಕಣಯ್ಯ.”

“ಇಷ್ಟೊಂದಾ?”

“ಮೊದ್ಲಿಂದ್ಲೂ ಇಷ್ಟೇ ಇತ್ತು. ನೀನು ನೋಡಿರಲಿಲ್ಲ, ಅಷ್ಟೆ.”

“ಯಾರಿಗಾದ್ರೂ ವಾಪಸ್ ಕಳಿಸ್ಬೇಕಾ?”

“ನಿನ್ ಹೆಂಡ್ತಿಗೆ ಕಳಿಸು. ಹೋಗು, ಟ್ರಾಮ್ ಹೊರಡೋ ಹೊತ್ತಾಯ್ತು.”

ನಗಬೇಡಿ. ಐದು ವರ್ಷ ಕಟ್ಟಿಹಾಕಿದ ಹಸುವಿನ ಹಗ್ಗ ಬಿಚ್ಚಿದರೆ ಅದು ಓಡುತ್ತದೆಯೇ? ಗೂಟದ ಸುತ್ತಲೇ ಸುತ್ತುತ್ತದೆ. ಅಂಗಡಿಗೆ ಹೋದರೆ ನನ್ನ ಕೈ ತಾನಾಗಿಯೇ ಅರ್ಧ ಬೆಲೆಯ ಹಳದಿ ಚೀಟಿ ಅಂಟಿಸಿದ ತಟ್ಟೆಗೆ ಹೋಗುತ್ತದೆ. ಮೊದಲ ತಿಂಗಳು ಧೈರ್ಯ ಮಾಡಿ ಇನ್ನೂರು ಗ್ರಾಂ ಒಳ್ಳೆಯ ಹ್ಯಾಮ್ ಕೊಂಡೆವು. ಮನೆಗೆ ತಂದು, ಪರದೆ ಎಳೆದು, ನಿಂತುಕೊಂಡೇ ತಿಂದೆವು. ಕದ್ದವರ ಹಾಗೆ. ಪೋಸ್ಟ್‌ಮನ್ ಕೋರ್ಟಿನ ಕಾಗದದಂಥ ಗೆರೆ ಬಳಿದ ಲಕೋಟೆ ತಂದರೆ ಈಗಲೂ ಬ್ಲಾಂಕಾ ಮೊದಲು ಕುರ್ಚಿ ಎಳೆದುಕೊಂಡು ಕೂರುತ್ತಾಳೆ, ಆಮೇಲೆ ಒಡೆಯುತ್ತಾಳೆ. ಹೋದ ವಾರ ಹಾಗೆ ಕೂತು ಒಡೆದದ್ದು ಈ ಸಭೆಯ ಆಹ್ವಾನಪತ್ರ.

ಸಂಘದ ವರದಿಯಲ್ಲಿ ‘ಮ್ರಾಜೆಕ್ ದಂಪತಿಗಳು ಎಂಟು ತಿಂಗಳಿಂದ ಹಿಂದಿನಷ್ಟೇ ಖರ್ಚಿನಲ್ಲಿ ಬದುಕಿ, ಕಡಿತವಾಗುತ್ತಿದ್ದ ಹಣದ ಬಹುಪಾಲನ್ನು ಉಳಿಸಿದ್ದಾರೆ’ ಎಂದು ಬರೆದಿದೆ. ನಿಜ. ಆದರೆ ಅದು ಶಿಸ್ತಲ್ಲ, ಸಭಿಕರೇ. ಅದಕ್ಕೆ ಕಾರಣ ಬೇರೆ. ಕಾರಣದ ಹೆಸರು ಫಿಲೊಮೆನಾ. ವಯಸ್ಸು ಎಂಬತ್ತೇಳು. ನನ್ನ ಅತ್ತೆ. ಮೊಣಕಾಲು ನೋವೆಂದು ಇವತ್ತು ಬಂದಿಲ್ಲ. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಈ ನಾಲ್ಕು ಗೋಡೆಗಳ ನಡುವೆಯೇ ಇರಲಿ.

ಅತ್ತೆಗೆ ಬೆಸ್ಕಿಡಿ ಬೆಟ್ಟದಲ್ಲಿ ಒಂದು ಪುಟ್ಟ ಮರದ ಮನೆ ಇದೆ, ಹದಿನಾಲ್ಕು ಪ್ಲಮ್ ಮರಗಳಿವೆ. ಮಾವನವರು ಕೈಯಾರೆ ಕಟ್ಟಿದ್ದು. ಕೋರ್ಟಿನ ಏರ್ಪಾಟಿನ ಐದು ವರ್ಷದಲ್ಲಿ ನಮಗೆ ಯಾವ ಆಸ್ತಿ ಬಂದರೂ ಅದು ಸಾಲ ಕೊಟ್ಟವರ ಪಾಲು. ಇದನ್ನು ಡಾಕ್ಟರ್ ತೊಮಾನೆಕ್ ಅವರು ಮೊದಲ ದಿನವೇ ವಿವರಿಸಿದ್ದರು. ಬ್ಲಾಂಕಾ ಒಬ್ಬಳೇ ಮಗಳು. ನಮಗೆ ಮಕ್ಕಳಿಲ್ಲ. ಆ ಐದು ವರ್ಷದೊಳಗೆ ಅತ್ತೆ ಹೋದರೆ ಮನೆ ಆ ಹನ್ನೊಂದು ಮಂದಿಗೇ. “ಚರ್ಚಿಗೆ ಬರೆದುಕೊಟ್ಟುಬಿಡಿ ಅತ್ತೆ” ಎಂದೆ. “ಪಾದ್ರಿಗೆ ಪ್ಲಮ್ ತಿಂದ್ರೆ ಹೊಟ್ಟೆ ಕೆಡುತ್ತೆ” ಎಂದರು. ಆಮೇಲೆ ಅಂದರು: “ಐದು ವರ್ಷ ತಾನೆ? ನಾನು ಸಾಯೋದಿಲ್ಲ, ಬಿಡಿ.”

ಹಾಲು ತರುತ್ತೇನೆ ಎಂದಷ್ಟೇ ಸರಾಗವಾಗಿ ಅಂದರು!

ಮತ್ತು ಅದನ್ನು ಕೆಲಸದ ಹಾಗೆಯೇ ಮಾಡಿದರು. ನಮ್ಮ ಕಡೆಯ ವಿಧವೆಯರೆಲ್ಲರಂತೆ ಅವರೂ ಮಾವನವರ ಸಮಾಧಿ ಕಲ್ಲಿನ ಮೇಲೆ ತಮ್ಮ ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ ಕೆತ್ತಿಸಿಟ್ಟಿದ್ದಾರೆ. ಕಲ್ಲುಕುಟಿಗನಿಗೆ ಹೇಳಿದರು: “ಮುಂದಿನ ಅಂಕಿಗೆ ಅವಸರ ಮಾಡ್ಬೇಡಪ್ಪ. ಕೋರ್ಟಿನ ಕೆಲಸ ಇದೆ.” ನಾಲ್ಕನೇ ವರ್ಷ ನ್ಯುಮೋನಿಯಾ ಬಂತು. ಆಸ್ಪತ್ರೆಯ ಡಾಕ್ಟರು “ಹೇಗಿದ್ದೀರಿ ಅಜ್ಜಿ?” ಎಂದು ಕೇಳಿದರೆ, ಆಮ್ಲಜನಕದ ಕೊಳವೆ ಪಕ್ಕಕ್ಕೆ ಸರಿಸಿ, “ಹೇಗಿದ್ದೀನೋ ಕಾಣೆ. ಇನ್ನೂ ಇಪ್ಪತ್ತೆರಡು ತಿಂಗಳು ಇರ್ಬೇಕು, ಅಷ್ಟಕ್ಕೆ ಸಾಕಾಗೋ ಔಷಧಿ ಕೊಡಿ. ಜಾಸ್ತಿ ಬೇಡ, ದಂಡ” ಎಂದರು.

ಮಾರ್ಚ್ ಮುಗಿಯಿತು. ಕೋರ್ಟಿನ ಕಾಗದ ಹಿಡಿದು ಬೆಟ್ಟಕ್ಕೆ ಹೋದೆವು. ಅತ್ತೆ ಗಸಗಸೆ ಉದುರಿಸಿ ಪ್ಲಮ್ ಕಡುಬು ಬಡಿಸಿದರು, ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿದರು, ಮಡಿಸಿ ಮಾವನವರ ಫೋಟೋ ಹಿಂದೆ ಇಟ್ಟರು. ಆಮೇಲೆ ಬೀರುವಿನಿಂದ ಶವಪೆಟ್ಟಿಗೆಗೆಂದೇ ತೆಗೆದಿಟ್ಟಿದ್ದ ಕಪ್ಪು ಉಡುಪು ತೆಗೆದು ಇಸ್ತ್ರಿ ಮಾಡಲು ಶುರುಮಾಡಿದರು. ಬ್ಲಾಂಕಾಳ ಕೈಗೆ ಮನೆಯ ಕೀಲಿಕೈ ಕೊಟ್ಟರು. “ಸದ್ಯ, ನನ್ ಡ್ಯೂಟಿ ಮುಗೀತು” ಎಂದರು.

ತಮಾಷೆ ಎಂದುಕೊಂಡೆವು. ಎರಡು ವಾರದ ಮೇಲೆ ಮತ್ತೆ ಬೆಟ್ಟಕ್ಕೆ ಹೋದೆವು; ಅಲ್ಲಿ ಬ್ಲಾಂಕಾ ಕಾಫಿಗೆ ಸಕ್ಕರೆ ಹುಡುಕಿದಾಗ ಡಬ್ಬಿಯ ತುಂಬ ಅತ್ತೆಯ ಮಾತ್ರೆಗಳು. ರಕ್ತದೊತ್ತಡದ್ದು, ಹೃದಯದ್ದು, ಹದಿನಾಲ್ಕು ದಿನದ್ದು, ಒಂದನ್ನೂ ನುಂಗಿರಲಿಲ್ಲ. ಬ್ಲಾಂಕಾಳ ಮುಖ ಸುಣ್ಣದ ಗೋಡೆಯಾಯಿತು. ಹನ್ನೊಂದು ಮಂದಿ ಬಾಗಿಲು ಬಡಿದಾಗಲೂ ಅವಳ ಮುಖ ಹಾಗಾಗಿರಲಿಲ್ಲ. ನಾವು ನೆಮ್ಮದಿಯ ಉಸಿರು ಬಿಟ್ಟದ್ದೇ ಆ ಮುದುಕಿ ಕೊನೆಯ ಉಸಿರು ಬಿಡಲು ಕಾರಣವಾಗುತ್ತದೆಂದು ಯಾರು ಎಣಿಸಿದ್ದರು?

ನಾನು ಅಡುಗೆಮನೆಯಿಂದ ಹೊರಗೆ ಬಂದು, ಯೋಚನೆ ಮಾಡದೆ, ಬಾಯಿಗೆ ಬಂದದ್ದು ಹೇಳಿದೆ.

“ಅತ್ತೆ, ಒಂದು ಎಡವಟ್ಟಾಗಿದೆ. ಕೋರ್ಟಿನೋರು ಲೆಕ್ಕ ತಪ್ಪಿದ್ರಂತೆ. ಇನ್ನೂ ಎರಡು ವರ್ಷ ಕಟ್ಬೇಕಂತೆ.”

“ಎರಡು ವರ್ಷ?”

“ಎರಡು ವರ್ಷ.”

“ಥೂ, ನಿಮ್ ಕೋರ್ಟಿಗಿಷ್ಟು ಬೆಂಕಿ ಹಾಕ! ನೆಮ್ಮದಿಯಾಗಿ ಸಾಯೋಕೂ ಬಿಡಲ್ವಲ್ಲ! ಬ್ಲಾಂಕಾ, ಆ ಸಕ್ಕರೆ ಡಬ್ಬಿ ತಾರೇ.”

ಎರಡು ಮಾತ್ರೆ ಒಟ್ಟಿಗೆ ನುಂಗಿದರು. ಡಾಕ್ಟರ್ ತೊಮಾನೆಕ್ ಅವರೇ, ಅಂದಿನಿಂದ ಪ್ರತಿ ಭಾನುವಾರ ಊಟಕ್ಕೆ ಮುಂಚೆ ನಮ್ಮ ಮೇಜಿನಲ್ಲಿ ನಿಮಗೆ ಶಾಪ ಬೀಳುತ್ತಿದೆ. ನಿಮಗೆ ಬಿಕ್ಕಳಿಕೆ ಬಂದಿದ್ದರೆ ಕ್ಷಮೆ ಇರಲಿ.

ಈಗ ಹೇಳಿ, ಸಾಲದಲ್ಲಿರುವವನು ಹೊಸ ಬೂಟು ಹಾಕಿಕೊಂಡು ಅತ್ತೆ ಮನೆಗೆ ಹೋಗಲು ಸಾಧ್ಯವೇ? ನನ್ನ ಹೊಸ ಬೂಟು ಡಿಪೋದ ಕಪಾಟಿನಲ್ಲಿ ಕೂತಿದೆ. ಭಾನುವಾರ ಹರಕು ಬೂಟೇ ಗತಿ. ಬ್ಲಾಂಕಾ ಧೈರ್ಯ ಮಾಡಿ ಕೊಂಡ ಒಂದೇ ವಸ್ತು ಬಟ್ಟೆ ಒಗೆಯುವ ಯಂತ್ರ. ಅತ್ತೆ ನಮ್ಮ ಮನೆಗೆ ಬಂದ ದಿನ ಅದರ ಮೇಲೆ ಮೇಜುಬಟ್ಟೆ ಹಾಸಿ ಹೂದಾನಿ ಇಟ್ಟೆವು. ಗಾಬರಿಯಲ್ಲಿ ಯಂತ್ರ ನಿಲ್ಲಿಸುವುದನ್ನು ಮರೆತೆವು. ಅತ್ತೆ ಅದರ ಮೇಲೆ ಕಾಫಿ ಇಟ್ಟರು. ಯಂತ್ರ ಹಿಂಡಲು ತೊಡಗಿತು. ಹೂದಾನಿ ಕುಣಿಯಿತು, ಕಾಫಿ ಚೆಲ್ಲಿತು. ಅತ್ತೆ ಒಂದು ಕ್ಷಣ ನೋಡಿ, “ಅಳಿಯಂದ್ರೇ, ನಿಮ್ ಮೇಜಿಗೆ ಚಳಿಜ್ವರ ಬಂದಿದೆ. ಕಂಬಳಿ ಹೊದಿಸಿ” ಎಂದು ಕಾಫಿ ಎತ್ತಿಕೊಂಡು ಹೋದರು.

ಇದು, ಮಾನ್ಯ ಅಧ್ಯಕ್ಷರೇ, ನಮ್ಮ ಹಣದ ಶಿಸ್ತು. ನಾವು ಖರ್ಚು ಮಾಡದಿರುವುದು ಬುದ್ಧಿ ಬಂದಿದೆ ಎಂದಲ್ಲ. ಖರ್ಚು ಮಾಡಿದರೆ ಅತ್ತೆಗೆ ಗೊತ್ತಾಗುತ್ತದೆ. ಗೊತ್ತಾದರೆ ಕಪ್ಪು ಉಡುಪು ಹೊರಗೆ ಬರುತ್ತದೆ. ಅದಕ್ಕೇ ಎಂಟು ತಿಂಗಳಿಂದ ಬೇಳೆ ಬೇಯಿಸಿ ತಿನ್ನುತ್ತಿದ್ದೇವೆ, ಮತ್ತು—

ಕ್ಷಮಿಸಿ. ಸ್ವಲ್ಪ ನೀರು ಕೊಡಿ.

ಬಾಗಿಲ ಹತ್ತಿರ ಯಾರೋ ಕೋಲು ಊರಿಕೊಂಡು... ಬ್ಲಾಂಕಾ, ಹಿಂದೆ ತಿರುಗಬೇಡ. ಸಭಿಕರೇ, ದಯವಿಟ್ಟು ಯಾರೂ ತಿರುಗಬೇಡಿ. ತಿರುಗಿಯೇಬಿಟ್ಟಿರಿ. ಹೌದು, ಹಸಿರು ಟೋಪಿಯವರೇ. ಪಕ್ಕದಲ್ಲಿರುವವರು ಅತ್ತೆಯ ನೆರೆಮನೆಯ ಕ್ವೆತಾ. ಅತ್ತೆ, ನಿಮ್ಮ ಮೊಣಕಾಲು... ಯಾವಾಗ ಬಂದಿರಿ? ಏನು? ಹ್ಯಾಮ್ ತಿಂದ ಕಡೆಯಿಂದ ಕೇಳುತ್ತಿದ್ದೀರಾ?

ಸ್ವಾಮಿ, ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಕಟ್ಟುಕಥೆ! ಸಾಲ ಇನ್ನೂ ಇದೆ! ಬೇಕಾದಷ್ಟಿದೆ! ಡಾಕ್ಟರ್ ತೊಮಾನೆಕ್ ಅವರೇ, ಎದ್ದು ನಿಂತು ಇದೆ ಎಂದು ಹೇಳಿ! ಕಾನೂನಿನವರು ಸುಳ್ಳು ಹೇಳಬಾರದೇ? ಒಂದೇ ಸಲ, ದಯವಿಟ್ಟು!

ಅತ್ತೆ ಏನೋ ಹೇಳುತ್ತಿದ್ದಾರೆ. ಸ್ವಲ್ಪ ಸುಮ್ಮನಿರಿ. ಹಿಂದಿನವರಿಗೆ ಕೇಳಿಸದಿದ್ದರೆ ನಾನೇ ಹೇಳುತ್ತೇನೆ. ನನ್ನ ದನಿ ನಡುಗುತ್ತಿದೆ, ಮೈಕಿನ ತಪ್ಪಲ್ಲ.

ಅತ್ತೆ ಹೇಳುತ್ತಿದ್ದಾರೆ: “ನೀನು ಸುಳ್ಳು ಹೇಳಿದ ಮಾರನೇ ದಿನವೇ ನಂಗೆ ಗೊತ್ತಾಯ್ತು ಕಣೋ. ಕೋರ್ಟಿನ ದಿವಾಳಿ ಪಟ್ಟಿ ಎಲ್ಲರೂ ನೋಡ್ಬಹುದು. ಕ್ವೆತಾ ದಿನಾ ಬೆಳಿಗ್ಗೆ ಕಂಪ್ಯೂಟರಲ್ಲಿ ರಾಶಿಭವಿಷ್ಯಕ್ಕಿಂತ ಮೊದ್ಲು ಅದನ್ನೇ ನೋಡೋದು.”

ನಿಜ. ನಾವು ದಿವಾಳಿಯಾದದ್ದು ನಮಗಿಂತ ಅರ್ಧ ದಿನ ಮೊದಲು ಕ್ವೆತಾಗೆ ಗೊತ್ತಿತ್ತು. ಈ ದೇಶದಲ್ಲಿ ಯಾರ ಸಾಲವೂ ಗುಟ್ಟಲ್ಲ. ಅದನ್ನು ಮರೆತು ಸುಳ್ಳು ಹೇಳಿದ ಮೊದಲ ದಡ್ಡ ನಾನೇ ಇರಬೇಕು. ಹಾಗಾದರೆ ಅತ್ತೆ, ಎಂಟು ತಿಂಗಳು ಮಾತ್ರೆ ಯಾಕೆ ನುಂಗಿದಿರಿ?

ಅವರು ಹೇಳುವುದು: “ಆ ಐದು ವರ್ಷ ನಾನು ಸಾಯ್ದೆ ಇದ್ದದ್ದು ಮನೆಗೋಸ್ಕರ. ಎಲ್ಲಾ ಮುಗಿದ್ಮೇಲೂ ಸುಳ್ಳು ಹೇಳಿ ಇರು ಅಂದ್ಯಲ್ಲ... ಅದು ಮನೆಗೋಸ್ಕರ ಅಲ್ಲ ಅಂತ ಈ ಮುದುಕಿಗೂ ಗೊತ್ತಾಗುತ್ತೆ. ಎರಡು ವರ್ಷ ಅಂದಿದ್ದೀಯ. ಮಾತು ಅಂದ್ರೆ ಮಾತು. ಇನ್ನೂ ಹದಿನಾರು ತಿಂಗಳಿದೆ. ಒಂದು ದಿನಾನೂ ಕಮ್ಮಿ ಮಾಡಲ್ಲ. ಬರೋ ಭಾನುವಾರ ಹೊಸ ಬೂಟು ಹಾಕ್ಕೊಂಡು ಬಾ.”

ಅಧ್ಯಕ್ಷರೇ, ತಾವು ಕಣ್ಣು ಒರೆಸಿಕೊಳ್ಳುತ್ತಿದ್ದೀರಿ. ನಾನು ಒರೆಸಿಕೊಳ್ಳುತ್ತಿರುವುದು ಬೆವರು. ಈ ಪ್ರಮಾಣಪತ್ರ ಹಿಂದಕ್ಕೆ ತೆಗೆದುಕೊಳ್ಳಿ. ನಮ್ಮದು ಆದರ್ಶ ಕುಟುಂಬವೂ ಅಲ್ಲ, ಸಾಲ ತೀರಿದ ಕುಟುಂಬವೂ ಅಲ್ಲ; ಅತ್ತೆಗೆ ತೀರಿಸಬೇಕಾದ್ದು ಇನ್ನೂ ಇದೆ. ಈ ಗಡಿಯಾರವನ್ನೂ...

ಏನತ್ತೆ? ಗಡಿಯಾರ ಕೊಡಬಾರದಂತೆ. “ನನ್ ಅಡುಗೆಮನೆ ಗೋಡೆಗೆ ಬೇಕು. ಹದಿನಾರು ತಿಂಗಳು ಲೆಕ್ಕ ಇಡ್ಬೇಕಲ್ಲ” ಅನ್ನುತ್ತಿದ್ದಾರೆ.

ಹಾಗಾದರೆ ಗಡಿಯಾರ ನಮ್ಮಲ್ಲೇ ಇರಲಿ. ಕರೆದವರಿಗೆ, ಕೇಳಿದವರಿಗೆ, ಕೇಳಬಾರದಾಗಿದ್ದರೂ ಕೇಳಿದವರಿಗೆ, ಎಲ್ಲರಿಗೂ ನನ್ನ ಕೃತಜ್ಞತೆ. ಹದಿನಾರು ತಿಂಗಳ ಮೇಲೆ ಹೇಳಲು ಯಾರ ಬಳಿಯಾದರೂ ಒಂದು ಒಳ್ಳೆಯ ಸುಳ್ಳು ಇದ್ದರೆ, ತಿಂಡಿ ಮೇಜಿನ ಹತ್ತಿರ ನನ್ನ ಕಿವಿಯಲ್ಲಿ ಹೇಳಿ. ಮೆಲ್ಲಗೆ. ಅತ್ತೆಯ ಕಿವಿ ಚುರುಕಾಗಿದೆ.

ನಮಸ್ಕಾರ.