ಕಲ್ಯಾಣಿಯ ಹೂಳು

ಕೊರಟಗೆರೆ ಬಸ್ ನಿಲ್ದಾಣದಲ್ಲಿ ಇಬ್ಬರು ಹೆಂಗಸರು ಚನ್ನರಾಯನದುರ್ಗದ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲೇ ಕೂತಿದ್ದರಿಂದ ಮಾತು ನನ್ನ ಕಿವಿಗೂ ಬಿತ್ತು, ಕೇಳಬಾರದಿತ್ತೇನೋ. ಕಿರಿಯವಳು ಶುರುಮಾಡಿದಳು.

“ಊರೋರೇ ಕೈ ಹಾಕಿದ್ಕೆ ಕಲ್ಯಾಣಿ ಹೂಳೆತ್ತೋದು ಈ ಭಾನುವಾರ ಮುಗೀತದೆ, ಗಿರಿಯಮ್ಮಕ್ಕ. ನೀನ್ಯಾಕೆ ಸಪ್ಪಗಿದ್ದೀಯ?”

“ವರ್ಸಗಟ್ಲೆ ಮಾತು ಬಿಟ್ಟಿದ್ದ ನನ್ ವಾರಗಿತ್ತಿ, ಹೂಳಿನ ಬುಟ್ಟಿ ಸಾಗ್ಸೋ ಸಾಲಲ್ಲಿ ಪಕ್ಕ ನಿಂತಿದ್ಕೆ ‘ಮಂಕರಿ ತಗಳಕ್ಕ’ ಅಂತಾವ್ಳೆ ಕಣೇ. ಹೂಳು ಮುಗುದ್ರೆ ಮಾತೂ ಮುಗೀತದೆ.”

“ಅದ್ಕೇನಾ ನಿಧಾನ ಮಾಡ್ತಿದ್ದೆ? ನಾನು ಸೊಂಟನೋವು ಅನ್ಕಂಡಿದ್ದೆ!”

“ಸುಮ್ಕಿರೇ, ಯಾರ್ಗೂ ಹೇಳ್ಬ್ಯಾಡ.”

“ನಾನ್ಯಾಕೆ ಹೇಳ್ಲಿ? ಮಂಕರಿ ತುಂಬೋಳು ನಾನು. ‘ಅರ್ಧರ್ಧನೇ ತುಂಬೇ, ಬೇಗ ಮುಗುಸ್ಬ್ಯಾಡ’ ಅಂತ ಅವ್ಳೂ ನನ್ ಕಿವೀಲಿ ಹೇಳವ್ಳೆ.”

“ಅಂಗಂದ್ಲಾ? ಬಸ್ ಬಂತು, ನಡಿಯೇ! ಭಾನುವಾರದ್ಗಂಟ ಯಾರ್ ಕಾಯ್ತಾರೆ? ಇವತ್ತೇ ಅವ್ಳ ಮನೆಗೋಗ್ತೀನಿ.”

ಇಬ್ಬರೂ ನಗುತ್ತ ಬಸ್ಸಿನತ್ತ ಓಡಿದರು.